ರುದ್ರಪ್ಪನ ಎಣ್ಣೆ

ಇವತ್ತು ಬೆಳಿಗ್ಗೆ ಬೈಲಹೊಂಗಲದ ಬಸ್ ನಿಲ್ದಾಣದ ಹತ್ತಿರ ಸ್ಕೂಟರಿನ ಗಾಲಿಗೆ ಗಾಳಿ ತುಂಬಿಸಲು ನಿಂತಿದ್ದೆ. ಅಂಗಡಿಯವನು ಬಗ್ಗಿ ಕಂಪ್ರೆಸರಿನ ಟಾಕಿಯ ತಳದ ನಲ್ಲಿ ತಿರುಗಿಸಿದ. ಬುಸ್ಸೆಂದು ಒಂದು ತಂಬಿಗೆಯಷ್ಟು ಕೆಂಪು ನೀರು ಹೊರಬಿತ್ತು. ತುಕ್ಕೂ ಹಳೆಯ ಎಣ್ಣೆಯೂ ಕೂಡಿದ ಆ ವಾಸನೆ ನಿಮಗೆ ಪರಿಚಯವೋ ಇಲ್ಲವೋ. ನನಗಂತೂ ಅದು ಮೂಗಿಗೆ ಬಡಿದರೆ ಸಾಕು, ಕಿವಿ ಬಿಸಿಯಾಗುತ್ತವೆ. ಇಷ್ಟು ವರ್ಷವಾದರೂ ನಾಚಿಕೆ ಹಳತಾಗಿಲ್ಲ.

ಎಪ್ಪತ್ತರ ದಶಕದ ಮಾತು. ಕಾಲೇಜಿನಲ್ಲಿ ಎರಡು ಸಲ ನಪಾಸಾಗಿ, ಅದೇ ಬೈಲಹೊಂಗಲದಲ್ಲಿ ನಾನೂ ಒಂದು ಟಾಯರ್ ಅಂಗಡಿ ಇಟ್ಟಿದ್ದೆ. ಕಂಪ್ರೆಸರ್ ಕೊಂಡ ಮೇಲಂತೂ ಲೋಕದ ಯಾವ ಹೊಲಸನ್ನಾದರೂ ಗಾಳಿ ಊದಿ ತೆಗೆಯಬಹುದೆಂದು ನಂಬಿಬಿಟ್ಟೆ. ಅಕ್ಕನ ಹೊಲಿಗೆ ಯಂತ್ರಕ್ಕೆ ಊದಿದೆ, ರೇಡಿಯೋಕ್ಕೆ ಊದಿದೆ. ಹಳ್ಳಿಗೂ ಹೇರಿಕೊಂಡು ಹೋಗಿ ಅವ್ವನ ಒಲೆಗೆ ಊದಿದ ದಿನ ಬೂದಿಯೆಲ್ಲ ಹಿಟ್ಟಿನ ಪರಾತಕ್ಕೆ ಬಿದ್ದು ಮನೆಮಂದಿ ಅವಲಕ್ಕಿ ತಿಂದೆವು. ಅಷ್ಟಾದರೂ ಬುದ್ಧಿ ಬರಲಿಲ್ಲ.

ನಮ್ಮ ಹಳ್ಳಿ ಮುನವಳ್ಳಿಯ ಹತ್ತಿರ. ಜೋಳದ ಹೊಲಕ್ಕೆ ನುಗ್ಗುವ ಹಂದಿಗಳನ್ನು ಬೆದರಿಸಲು ಮನೆಯಲ್ಲೊಂದು ಜೋಡುನಳಿಗೆಯ ಬಂದೂಕು ಇತ್ತು. ಲೈಸೆನ್ಸು ಅಪ್ಪನ ಹೆಸರಿನಲ್ಲಿ, ಆರೈಕೆ ಮಾತ್ರ ರುದ್ರಪ್ಪನದು. ರುದ್ರಪ್ಪ ಸಿರಸಂಗಿಯವನು, ಪಲ್ಟನ್ನಿನಲ್ಲಿದ್ದು ಬಂದು ನಮ್ಮ ಹೊಲಮನೆ ನೋಡಿಕೊಂಡಿದ್ದ. ಆಯುಧಪೂಜೆಯ ಖಂಡೇನವಮಿಗೆ ಎರಡು ದಿನ ಮೊದಲೇ ಪಡಸಾಲೆಯಲ್ಲಿ ಗೋಣಿತಟ್ಟು ಹಾಸಿ ಕೂಡುತ್ತಿದ್ದ. ಗಜಕ್ಕೆ, ಅಂದರೆ ನಳಿಗೆಯಲ್ಲಿ ಆಡಿಸುವ ಉದ್ದನೆಯ ಕೋಲಿಗೆ, ಹಳೆಯ ಧೋತರದ ಚಿಂದಿ ಸುತ್ತುವನು, ಎಣ್ಣೆಯಲ್ಲಿ ಅದ್ದುವನು, ಎಳೆಯುವನು, ಬೆಳಕಿಗೆ ಹಿಡಿದು ನೋಡುವನು, ಮತ್ತೆ ಎಳೆಯುವನು. ಮರುದಿನ ದಶಮಿಗೆ ಬನ್ನಿಗಿಡದ ಕೆಳಗೆ ಮುಗಿಲಿಗೆ ಮೊದಲ ಗುಂಡು ಹಾರಿಸುವ ಮಾನವೂ ಅವನದೇ. ಆ ಸಪ್ಪಳ ಕೇಳಿದ ಮೇಲೇ ಊರು ಬನ್ನಿ ಹಂಚುತ್ತಿತ್ತು. ವರ್ಷಕ್ಕೊಮ್ಮೆ, ಒಂದು ಗಳಿಗೆ, ಇಡೀ ಊರು ಅವನ ಕೈ ನೋಡುತ್ತಿತ್ತು.

ಆ ವರ್ಷ ನನ್ನ ಮದುವೆಯಾಗಿ ನಾಲ್ಕು ತಿಂಗಳು. ಟ್ರ್ಯಾಕ್ಟರಿನ ಧೂಳು ಊದಲೆಂದು ಕಂಪ್ರೆಸರನ್ನು ಟ್ರೇಲರಿನಲ್ಲಿ ಹೇರಿಕೊಂಡು ನವಮಿಯ ದಿನ ಊರಿಗೆ ಬಂದಿದ್ದೆ. ರುದ್ರಪ್ಪ ಬಂದೂಕನ್ನು ಸಿದ್ಧಮಾಡಿಟ್ಟು ಕಾಳಮ್ಮನಿಗೆ ಕಾಯಿ ಒಡೆಸಲು ಸಿರಸಂಗಿಗೆ ಹೋಗಿದ್ದ. ಹೊಸ ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. ಸುಮ್ಮನಿರಲಾರದೆ ಇರುವೆ ಬಿಟ್ಟುಕೊಂಡರು ಅನ್ನುತ್ತಾರಲ್ಲ, ಹಾಗಾಯಿತು.

“ಮುದುಕ ಎರಡ ದಿನ ತಿಕ್ಕತಾನ. ನೋಡ, ಎರಡ ನಿಮಿಷದಾಗ ಫಳಫಳ ಮಾಡ್ತೇನಿ,” ಎಂದೆ.

“ಅವರು ಮಾಡಿಟ್ಟಾರಲ್ರೀ, ಮತ್ಯಾಕ?” ಎಂದಳು.

ನಳಿಗೆಗೆ ಊದಿದೆ. ಗುಂಡು ಹಾರಿಸಲು ಹಿಂದಕ್ಕೆಳೆಯುವ ಕುದುರೆಯ ಸಂದಿಗೆ, ಕೀಲಿನ ತೂತಿಗೆ ಊದಿದೆ. ಬಿಳಿಯ ಮಂಜಿನಂಥದೇನೋ ಹಾರಿತು. ಎಂಟು ದಿನದಿಂದ ಟಾಕಿಯ ನೀರು ಇಳಿಸಿರಲಿಲ್ಲ. ಗಾಳಿಯೊಡನೆ ಆ ತುಕ್ಕುನೀರೂ ಒಳಗೆ ಹೋಯಿತು. ರುದ್ರಪ್ಪ ಹಚ್ಚಿದ ಎಣ್ಣೆ ಹಾರಿಹೋಯಿತು. ನಾನು ಹೊರಮೈಯನ್ನಷ್ಟೇ ಒರೆಸಿ ಇಟ್ಟೆ. ಸಂಜೆ ಪೂಜೆಯಾಯಿತು. ಕುಂಕುಮ ಹಚ್ಚಿ ಕೂಡಿಸಿದ ಆಯುಧವನ್ನು ಮರುದಿನದವರೆಗೆ ಯಾರೂ ಮುಟ್ಟುವಂತಿಲ್ಲ. ನೀರಿಗೆ ಬೇಕಾದಷ್ಟು ಸಮಯ ಸಿಕ್ಕಿತು.

ದಶಮಿಯ ದಿನ ರುದ್ರಪ್ಪ ಹಳದಿ ರುಮಾಲು ಸುತ್ತಿಕೊಂಡು ಬನ್ನಿಗಿಡದ ಕೆಳಗೆ ನಿಂತ. ಕುದುರೆ ಎಳೆದ. ಅದು ಅರ್ಧಕ್ಕೇ ಕಚ್ಚಿಕೊಂಡಿತು. ಇನ್ನೊಂದು ನಳಿಗೆಯದನ್ನು ಎಳೆದ. ಅದೂ ಹಾಗೇ. ಯಾರೋ ಕಿಸಕ್ಕನೆ ನಕ್ಕರು. ತೋಟಾ ಹೊರತೆಗೆದು, ಸಂದಿಯಲ್ಲಿ ಬೆರಳಾಡಿಸಿ ನೋಡಿದ; ಬೆರಳಿಗೆ ಕೆಂಪು ಹತ್ತಿತ್ತು. ಮೂಸಿದ. ಆಮೇಲೆ ತಲೆಯೆತ್ತಿ ನನ್ನತ್ತ ನೋಡಿದ.

ಅಪ್ಪ ಎಲ್ಲರೆದುರೇ, “ರುದ್ರಪ್ಪಾ, ಕೈಲಾಗಲಿಲ್ಲಂದ್ರ ಹೇಳಬೇಕಿತ್ತಲ್ಲೋ! ದೈವದ ಮುಂದ ಮಾನ ಕಳದಿ,” ಎಂದರು.

“ಹೌದ್ರೀ ಗೌಡ್ರ. ಎಣ್ಣಿ ಹಚ್ಚೂದ ಮರತೆ. ವಯಸ್ಸಾತ್ರೀ.”

ನನಗೆ ನಾಲಿಗೆ ಇತ್ತು. ನಾಲ್ಕು ಹೆಜ್ಜೆ ದೂರದಲ್ಲಿ ಅಪ್ಪ ಇದ್ದರು. “ನಾನ ಕೆಡಿಸೇನಿ” ಅನ್ನುವುದಕ್ಕೆ ಎಷ್ಟು ಹೊತ್ತು ಬೇಕು? ಹೆಂಡತಿ ಹೆಣ್ಣುಮಕ್ಕಳ ಸಾಲಿನಲ್ಲಿ ನಿಂತಿದ್ದಳು. ಅವಳೆದುರು ಸಣ್ಣವನಾಗಬಾರದೆಂದು ಸುಮ್ಮನಿದ್ದೆ. ರುದ್ರಪ್ಪ ನನ್ನನ್ನು ಉಳಿಸಿದ್ದೂ ಅದಕ್ಕೇ ಇರಬೇಕು. ಬನ್ನಿ ಕೊಡುವಾಗ ಅವನ ಕಾಲಿಗೆ ಬಿದ್ದೆ. ಭಕ್ತಿಯಿಂದಲ್ಲ, ಮುಖ ನೋಡುವುದು ತಪ್ಪಲೆಂದು. ಅವನು ಎಲ್ಲರಿಗೆ ಅನ್ನುವಂತೆ ನನಗೂ, “ಬನ್ನಿ ತಗೊಂಡು ಬಂಗಾರದಂಗ ಇರೂಣು ತಮ್ಮಾ,” ಎಂದ.

ಮರುವರ್ಷ ಬಂದೂಕು ರಾಮದುರ್ಗದ ಒಬ್ಬ ಮಿಸ್ತ್ರಿಯ ಕೈಗೆ ಹೋಯಿತು. ರುದ್ರಪ್ಪ ಕಣ್ಣು ಕಾಣವೆಂದು ನೆವ ಹೇಳಿ ನವಮಿಗೆ ಪಡಸಾಲೆ ಹತ್ತುವುದನ್ನೇ ಬಿಟ್ಟ. ಕೆಲವು ವರ್ಷಕ್ಕೆ ತೀರಿಕೊಂಡ. ಆದರೆ ನಮ್ಮ ಮನೆಯಲ್ಲಿ ಒಂದು ಗಾದೆ ಹುಟ್ಟಿಕೊಂಡಿತು. ಯಾರು ಏನು ಮರೆತರೂ “ಏನೋ, ರುದ್ರಪ್ಪನ ಎಣ್ಣಿ ಆತಲ್ಲೋ!” ಎನ್ನುವುದು. ಅಪ್ಪ ಅಂದರು, ಅಕ್ಕ ಅಂದಳು, ಅವನನ್ನು ಕಂಡೇ ಇರದ ನನ್ನ ಮಕ್ಕಳೂ ಕಲಿತರು. ಬಾಯಿ ತಪ್ಪಿ ನಾನೂ ಅಂದಿದ್ದೇನೆ. ಇದಕ್ಕಿಂತ ನಾಚಿಕೆಗೇಡು ಇನ್ನೇನಿದೆ ಹೇಳಿ.

ಇವತ್ತು ಗಾಳಿ ತುಂಬಿಸಿಕೊಂಡು ಮನೆಗೆ ಬಂದೆ. ಸೊಸೆ ಚಹಾ ತಂದಳು, ಸಕ್ಕರೆ ಇರಲಿಲ್ಲ. ಮಗ ನಗುತ್ತ, “ರುದ್ರಪ್ಪನ ಎಣ್ಣಿ ಆತು ನೋಡ್ರಿ,” ಎಂದ.

“ರುದ್ರಪ್ಪ ಎಣ್ಣಿ ಮರತಿರಲಿಲ್ಲ,” ಎಂದೆ. ಚಹಾ ಕೆಳಗಿಟ್ಟು ಎಲ್ಲವನ್ನೂ ಹೇಳಿದೆ.

ಹೆಂಡತಿ ಮೂಲೆಯಲ್ಲಿ ಕೂತು ಮೆಂತ್ಯೆಸೊಪ್ಪು ಸೋಸುತ್ತಿದ್ದಳು. ಆ ಬಿಳಿ ಮಂಜನ್ನು ನನ್ನೊಡನೆ ಕಂಡವಳು ಅವಳೊಬ್ಬಳೇ. ಮನೆಮಂದಿಯೆಲ್ಲ ಆಡಿ ಸವೆಸಿದ ಆ ಗಾದೆಯನ್ನು ಅವಳ ಬಾಯಲ್ಲಿ ಒಮ್ಮೆಯೂ ಕೇಳಿಲ್ಲವೆಂಬುದು ನನಗೆ ಹೊಳೆದದ್ದು ಈಗ.

ಸೊಪ್ಪಿನಿಂದ ಕಣ್ಣೆತ್ತದೆ ಅವಳು, “ಇವತ್ತರೆ ಬಾಯಿ ಬಿಟ್ರಲ್ಲಾ,” ಎಂದಳು.