ಬಾಯ್ಲರ್ ನಿಲ್ಲಿಸಿದ ಒಂಬತ್ತು ದಿನ

“ಭಾಸ್ಕರಣ್ಣನ ಕಿಚನ್‌ನಲ್ಲಿ ಬಾಯ್ಲರ್ ನಿಲ್ಲಿಸುದಾ? ಅದು ಈ ಜನ್ಮದಲ್ಲಿ ಆಗುವ ಕೆಲಸ ಅಲ್ಲ ಮಗಾ” ಎಂದವರು ನನ್ನ ಅಪ್ಪ. ಬೈಕುಲ್ಲಾದಲ್ಲಿ ಭಾಸ್ಕರಣ್ಣನ ಹೋಟೆಲಿನ ದೋಸೆಕಲ್ಲಿನ ಮುಂದೆ ಮೂವತ್ತೊಂದು ವರ್ಷದಿಂದ ನಿಂತಿದ್ದವರು ಅವರು. ಯಜಮಾನರನ್ನು ನನಗಿಂತ ಚೆನ್ನಾಗಿ ಬಲ್ಲವರು.

ಕೋವಿಡ್ ಮುಗಿದು ಹೋಟೆಲುಗಳು ಮತ್ತೆ ತುಂಬತೊಡಗಿದ ವರ್ಷ ನಾನು ಚೆಂಬೂರಿನ ಸೆಂಟ್ರಲ್ ಕಿಚನ್‌ಗೆ ಮ್ಯಾನೇಜರ್ ಆದೆ. ಭಾಸ್ಕರಣ್ಣನ ಐದು ಹೋಟೆಲುಗಳಿಗೆ ಇಡ್ಲಿ, ಸಾಂಬಾರು, ಚಟ್ನಿ ಹೋಗುತ್ತಿದ್ದುದು ಅಲ್ಲಿಂದಲೇ. ಮೂವತ್ತೆಂಟು ಜನ ಕೆಲಸದವರು. ನಮ್ಮ ಮನೆತನದಲ್ಲಿ ಡಿಗ್ರಿ ಮಾಡಿದ ಮೊದಲಿಗಳು ನಾನು. ಆಂಟಾಪ್ ಹಿಲ್‌ನ ಒಂದೇ ಕೋಣೆಯಲ್ಲಿ ಐದು ಜನರ ನಡುವೆ ಓದಿ ಬಿ.ಎಸ್ಸಿ. ಮಾಡಿದೆ, ಆಮೇಲೆ ದುಡಿಯುತ್ತಲೇ ಫುಡ್ ಟೆಕ್ನಾಲಜಿ ಡಿಪ್ಲೊಮಾ. ಕೆಮಿಸ್ಟ್ರಿಯಲ್ಲಿ ಎರಡು ಸಲ ಫೇಲಾಗಿದ್ದೆ. ಮೂರನೆಯ ಸಲ ಪಾಸಾದೆ. ಹೇಳಿಕೊಳ್ಳಲು ನಾಚಿಕೆ ಇಲ್ಲ.

ಮೊದಲ ದಿನ ಭಾಸ್ಕರಣ್ಣ ಕೀಲಿಗೊಂಚಲನ್ನು ನನ್ನ ಕೈಗಿಟ್ಟು, “ತಗೊ ಮಾರಾಯ್ತಿ, ಇನ್ನು ಇದು ನಿನ್ನ ಕಿಚನ್. ನಾನು ಯಾರ ಕೆಲಸದಲ್ಲೂ ಕೈ ಹಾಕುವವ ಅಲ್ಲ” ಎಂದರು. ನನ್ನ ಅಧಿಕಾರ ಎಲ್ಲಿಂದ ಎಲ್ಲಿಯವರೆಗೆ ಎಂದು ಒಂದು ಲೆಟರ್ ಕೇಳಬೇಕೆಂದಿದ್ದೆ. ಬಾಯಿ ತೆರೆಯುವಷ್ಟರಲ್ಲಿ ಅವರೇ ನಕ್ಕು, “ನಮ್ಮ ಊರಿನವರ ನಡುವೆ ಲೆಟರ್ ಗಿಟರ್ ಎಂಥದ್ದು? ನೀನು ವಾಸುವಿನ ಮಗಳು ಅಂದ್ರೆ ನನ್ನ ಮಗಳ ಹಾಗೆ” ಎಂದರು. ನಾನು ಕರಗಿಹೋದೆ. ಅಣ್ಣ ಎಂದು ಕರೆದವರ ಹತ್ತಿರ ಕಾಗದ ಕೇಳುವುದು ನಮ್ಮಲ್ಲಿ ಅವಮಾನ. ಕಾಗದವನ್ನೇ ನಂಬಿ ಮೇಲೆ ಬಂದ ನಾನು ಆ ದಿನ ಕಾಗದ ಕೇಳಲಿಲ್ಲ.

ಸರ್ಕಾರದ ಬಗ್ಗೆಯೂ ಅವರದು ಅದೇ ಸಿದ್ಧಾಂತ. ಹೋಟೆಲ್ ಮಾಲೀಕರ ಸಭೆಯಲ್ಲಿ, “ಸರ್ಕಾರ ವ್ಯಾಪಾರಸ್ಥನ ದಾರಿ ಬಿಟ್ಟು ನಿಲ್ಲಬೇಕು. ಇನ್‌ಸ್ಪೆಕ್ಟರ್ ಬಾರದಿದ್ದರೆ ಅರ್ಧ ರೋಗ ವಾಸಿ” ಎಂದಾಗ ಹಿಂದಿನ ಸಾಲಿನಲ್ಲಿದ್ದ ನಾನೂ ಚಪ್ಪಾಳೆ ತಟ್ಟಿದ್ದೆ. ತಪ್ಪು ಹುಡುಕಲೆಂದೇ ಬಂದ ಅಧಿಕಾರಿಗಳ ಮುಂದೆ ಅಪ್ಪ ಕೈಕಟ್ಟಿ ನಿಂತದ್ದನ್ನು ಚಿಕ್ಕಂದಿನಿಂದ ಕಂಡವಳು ನಾನು. ಅಷ್ಟರಲ್ಲಿ ನಮ್ಮಂಥ ಘಟಕಗಳಿಗೆ ಸೆಲ್ಫ್ ಸರ್ಟಿಫಿಕೇಶನ್ ಬಂದಿತ್ತು. ಯಂತ್ರ ಸರಿಯಾಗಿದೆ ಎಂದು ನಾವೇ ಬರೆದುಕೊಡುವುದು, ಖಾಸಗಿ ಪರೀಕ್ಷಕ ಬಂದು ನೋಡಿಹೋಗುವುದು. ಆ ಬಾರಿಯ ಫಾರ್ಮ್ ಬಂದಾಗ ಭಾಸ್ಕರಣ್ಣ ಫೋನಿನಲ್ಲಿ, “ಸೈನ್ ಮಾಡು, ಫಾರ್ಮಾಲಿಟಿ ಅಷ್ಟೇ” ಎಂದರು. ಸೇಫ್ಟಿ ವಾಲ್ವ್ ಪರೀಕ್ಷಿಸದೆ ಸಹಿ ಹಾಕಿದೆ. ಈ ತಪ್ಪು ನನ್ನದೇ.

ಸೇಫ್ಟಿ ವಾಲ್ವ್ ಎಂದರೆ ಬಾಯ್ಲರ್‌ನ ಒಳಗೆ ಉಗಿಯ ಒತ್ತಡ ಮಿತಿ ಮೀರಿದಾಗ ತಾನಾಗಿ ತೆರೆದು ಉಗಿಯನ್ನು ಹೊರಬಿಡುವ ಕವಾಟ. ನಮ್ಮದು ಹಳೆಯದಾಗಿ, ಒತ್ತಡ ಏರುವ ಮೊದಲೇ ಸೋರತೊಡಗಿತ್ತು. ಉಗಿ ಸಾಲದೆ ಇಡ್ಲಿ ನಡುವೆ ಹಸಿಯಾಗಿ ಉಳಿಯುತ್ತಿತ್ತು. ಒಂದು ಬೆಳಿಗ್ಗೆ ನೋಡಿದರೆ ಯಾರೋ ವಾಲ್ವ್‌ನ ಹಿಡಿಗೆ ತಂತಿ ಬಿಗಿದು ಅದು ತೆರೆಯದಂತೆ ಮಾಡಿದ್ದರು. ಬಾಯ್ಲರ್ ನೋಡಿಕೊಳ್ಳುತ್ತಿದ್ದ ಸಂಜೀವಣ್ಣ ಹೇಳಿದರು, “ಮೇಡಮ್ಮ, ಇದು ಸುಧಾಕರನ ಇಂಜಿನಿಯರಿಂಗ್. ಬಾಂಬಿಗೆ ದಾರ ಕಟ್ಟಿದ ಹಾಗೆ ಉಂಟು.”

ಸುಧಾಕರ ಭಾಸ್ಕರಣ್ಣನ ತಂಗಿಯ ಮಗ. ಐದೂ ಹೋಟೆಲುಗಳ ಉಸ್ತುವಾರಿ ಅವನದು. ನಾನು ತಂತಿ ಬಿಚ್ಚಿಸಿ, ಹೊಸ ವಾಲ್ವ್ ಹಾಕಿಸಲು ಬಾಯ್ಲರ್ ನಿಲ್ಲಿಸಬೇಕು ಎಂದೆ.

“ನಿಲ್ಲಿಸುದಾ? ಸಂಡೇ ಇಡ್ಲಿ ಇಲ್ಲ ಅಂದ್ರೆ ಗಿರಾಕಿಗಳಿಗೆ ನಿಮ್ಮ ಡಿಗ್ರಿ ಬಡಿಸುದಾ ಅಕ್ಕ?” ಎಂದು ನಕ್ಕ.

ನಾನು ಭಾಸ್ಕರಣ್ಣನ ಬಳಿ ಹೋದೆ. ಅವರು ಪೇಪರಿನಿಂದ ಕಣ್ಣೆತ್ತದೆ, “ನೀವು ನೀವೇ ಕೂತು ತೀರ್ಮಾನ ಮಾಡಿ. ನಾನು ಮಧ್ಯೆ ಬರುದಿಲ್ಲ” ಎಂದರು. ಸುಧಾಕರ ಹೋದಾಗಲೂ ಅದೇ ಮಾತು ಹೇಳಿದ್ದರೆಂದು ಆಮೇಲೆ ತಿಳಿಯಿತು. ನಾನು ನಿಲ್ಲಿಸು ಎಂದರೆ ಅವನು ನಡೆಸು ಎನ್ನುತ್ತಿದ್ದ. ಕೆಲಸದವರು ಮಾಲೀಕರ ಅಳಿಯನ ಮಾತು ಕೇಳಿದರು. ಈ ಜನ್ಮದಲ್ಲಿ ಆಗುವ ಕೆಲಸ ಅಲ್ಲ ಎಂದು ಅಪ್ಪ ಹೇಳಿದ್ದು ಆಗಲೇ.

ಆ ಶನಿವಾರ ಸುಧಾಕರ ದೊಡ್ಡದೊಂದು ಕೇಟರಿಂಗ್ ಆರ್ಡರ್ ಹಿಡಿದಿದ್ದ. ಬೆಳಿಗ್ಗೆ ಆರೂವರೆಗೆ ನಾನು ಜಿ.ಟಿ.ಬಿ. ನಗರದಲ್ಲಿ ಲೋಕಲ್ ಹತ್ತುವಾಗ ಸಂಜೀವಣ್ಣನ ಫೋನ್: “ಮೇಡಮ್ಮ, ತಂತಿ ಪುನಃ ಬಂತು. ‘ಮಾವ ನನಗೇ ಬಿಟ್ಟಿದ್ದಾರೆ’ ಅಂತ ಹೇಳಿ ಸುಧಾಕರನೇ ಕಟ್ಟಿದ. ಪ್ರೆಶರ್ ಮೀಟರಿನ ಮುಳ್ಳು ಏರ್ತಾ ಉಂಟು.” ಬೆಂಕಿ ಆರಿಸಿ ಎಲ್ಲರೂ ಹೊರಗೆ ಬನ್ನಿ ಎಂದೆ. ಅವರು ಬೆಂಕಿ ಆರಿಸಿದರು, ಜನರನ್ನು ಹೊರಗೆ ಕಳಿಸಿದರು. ಆದರೆ ಒತ್ತಡ ಇಳಿಯದ್ದನ್ನು ನೋಡಿ, ಇಕ್ಕಳ ಹಿಡಿದು ತಂತಿ ಕತ್ತರಿಸಲು ತಾವೊಬ್ಬರೇ ಒಳಗೆ ಹೋದರು. ತಂತಿ ತುಂಡಾಯಿತು. ನುಗ್ಗಿದ ಉಗಿ ಅವರ ಬಲಗೈಯನ್ನು ಭುಜದಿಂದ ಮಣಿಕಟ್ಟಿನವರೆಗೆ ಬೇಯಿಸಿತು. ಬಾಯ್ಲರ್ ಸಿಡಿಯಲಿಲ್ಲ.

ನಾಲ್ಕನೆಯ ದಿನ ಸರ್ಕಾರದ ಬಾಯ್ಲರ್ ಇಲಾಖೆಯ ಅಧಿಕಾರಿಯೊಬ್ಬರು ವಿಚಾರಣೆಗೆ ಬಂದರು. ಅಪಘಾತ ಆದ ಮೇಲೆ ಮಾತ್ರ ಬರುವ ಅಧಿಕಾರಿ. ಭಾಸ್ಕರಣ್ಣ ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಕುಳಿತಿದ್ದರು. ನನ್ನ ಕಡೆ ನೋಡಲಿಲ್ಲ.

“ನಾನು ಒಂದು ದಿನವೂ ಕೈ ಹಾಕಿದವ ಅಲ್ಲ ಸಾರ್. ಇವಳು ಓದಿದ ಹುಡುಗಿ, ಪೂರ್ತಿ ಸ್ವಾತಂತ್ರ್ಯ ಕೊಟ್ಟಿದ್ದೆ. ಬಾಯ್ಲರ್ ನಡೆಸುವ, ನಿಲ್ಲಿಸುವ ಅಧಿಕಾರ ಎಲ್ಲ ಇವಳದ್ದೇ. ಫಾರ್ಮಿನಲ್ಲಿ ಸಹಿ ಕೂಡ ಇವಳದ್ದೇ.”

ಸುಧಾಕರನ ಹೆಸರು ಬರಲಿಲ್ಲ. ನನ್ನ ಮಗಳ ಹಾಗೆ ಎಂದಿದ್ದ ಬಾಯಿ ಅದು. ನಾನು ಇಷ್ಟು ದಿನ ಸ್ವಾತಂತ್ರ್ಯ ಎಂದುಕೊಂಡದ್ದು ನನ್ನ ತಲೆಯ ಮೇಲೆ ತಪ್ಪು ಹೊರಿಸಲು ಖಾಲಿ ಇಟ್ಟುಕೊಂಡ ಜಾಗ. ಆಮೇಲೆ ಒಂದು ವಿಷಯ ಹೊಳೆಯಿತು.

“ಸರ್, ಅವರು ಈಗ ಹೇಳಿದ್ದನ್ನು ಹಾಗೇ ಬರೆದುಕೊಳ್ಳಿ. ನಿಲ್ಲಿಸುವ ಅಧಿಕಾರ ನನ್ನದು ಎಂದು. ಅವರ ಸಹಿಯೂ ಬೇಕು.”

ಅಧಿಕಾರಿ ಬರೆದರು. ಹೇಳಿದ ಮಾತನ್ನು ಹಿಂದೆ ತೆಗೆದುಕೊಳ್ಳುವಂತಿರಲಿಲ್ಲ, ಭಾಸ್ಕರಣ್ಣ ಸಹಿ ಹಾಕಿದರು. ಮೊದಲ ದಿನ ಕೇಳಲು ಸಂಕೋಚಪಟ್ಟ ಕಾಗದ ಆ ದಿನ ಸಿಕ್ಕಿತು. ಸುಳ್ಳು ಫಾರ್ಮ್‌ಗಾಗಿ ನನಗೂ ಲಿಖಿತ ಎಚ್ಚರಿಕೆ ಬಂತು. ತಂತಿಯ ವಿಷಯ ನಾನೂ ಹೇಳಿದೆ, ಸಂಜೀವಣ್ಣನೂ ಆಸ್ಪತ್ರೆಯಿಂದಲೇ ಹೇಳಿಕೆ ಕೊಟ್ಟರು.

ಮಧ್ಯಾಹ್ನವೇ ಬಾಯ್ಲರ್ ಕೋಣೆಗೆ ಬೀಗ ಹಾಕಿ, ಬಾಗಿಲಿಗೆ ಆ ಹೇಳಿಕೆಯ ಪ್ರತಿ ಅಂಟಿಸಿದೆ. ಸುಧಾಕರ ಬಂದು ಓದಿದ, ಕೆಳಗಿದ್ದ ಮಾವನ ಸಹಿ ನೋಡಿದ, ಹೊರಟುಹೋದ. ಒಂಬತ್ತು ದಿನ ಐದು ಹೋಟೆಲುಗಳಲ್ಲಿ ಇಡ್ಲಿ ಇರಲಿಲ್ಲ. ಗಿರಾಕಿಗಳು ಬೈದರು, ಉಪ್ಪಿಟ್ಟು ತಿಂದರು, ಮತ್ತೆ ಬಂದರು. ಹೊಸ ವಾಲ್ವ್ ಬಂತು, ಪೈಪಿನ ಜೋಡಣೆಗಳೆಲ್ಲ ಬದಲಾದವು. ಪರೀಕ್ಷಕ ಈ ಬಾರಿ ವಾಲ್ವ್ ಎಷ್ಟು ಒತ್ತಡಕ್ಕೆ ತೆರೆಯುತ್ತದೆ ಎಂದು ನನ್ನೆದುರೇ ಮೂರು ಸಲ ನೋಡಿ ಸರ್ಟಿಫಿಕೇಟ್ ಕೊಟ್ಟ.

ಈಗ ಬೇರೆ ಕಡೆ ಕೆಲಸದಲ್ಲಿದ್ದೇನೆ. ನನ್ನ ಕೈಕೆಳಗೂ ಜನ ಇದ್ದಾರೆ. ನಿನಗೆ ಬಿಟ್ಟಿದ್ದೇನೆ ಎಂದು ಯಾರಿಗೂ ಹೇಳುವುದಿಲ್ಲ. ಏನನ್ನು ಬಿಟ್ಟಿದ್ದೇನೆ, ಎಡವಟ್ಟಾದರೆ ಪಕ್ಕದಲ್ಲಿ ಯಾರು ನಿಲ್ಲುತ್ತಾರೆ ಎಂಬುದನ್ನು ಬರೆದು, ಕೆಳಗೆ ನನ್ನ ಹೆಸರು ಹಾಕುತ್ತೇನೆ.

ಆಗ ಆ ಸರ್ಟಿಫಿಕೇಟ್ ಸಿಕ್ಕ ಮೇಲೆ ಅದು, ಕೀಲಿಗೊಂಚಲು, ನನ್ನ ರಾಜೀನಾಮೆ ಮೂರನ್ನೂ ಹಿಡಿದು ಬೈಕುಲ್ಲಾಕ್ಕೆ ಹೋಗಿದ್ದೆ. ಭಾಸ್ಕರಣ್ಣ ಗಲ್ಲಾದಲ್ಲಿದ್ದರು. ಮೊದಲು ಸರ್ಟಿಫಿಕೇಟ್ ಅವರ ಕೈಗಿತ್ತೆ. ಅದನ್ನು ಓದಿ, ಏನೂ ನಡೆದೇ ಇಲ್ಲ ಎಂಬಂತೆ ದೋಸೆಕಲ್ಲಿನ ಕಡೆ ತಿರುಗಿ, “ನೋಡು ವಾಸು, ನಿನ್ನ ಮಗಳ ಕೆಲಸ! ಫ್ರೇಮ್ ಹಾಕಿಸಿ ಇಲ್ಲೇ ತೂಗು ಹಾಕುವ” ಎಂದರು.

ಅಪ್ಪ ಸಟ್ಟುಗವನ್ನು ಕೆಳಗಿಟ್ಟು, ಕೈ ಒರೆಸಿಕೊಂಡು ಬಂದರು. ಮೂವತ್ತೊಂದು ವರ್ಷದಲ್ಲಿ ಅವರು ಯಜಮಾನರಿಗೆ ಎದುರು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

“ಗೋಡೆಗೆ ಆಮೇಲೆ ಹಾಕುವ ಅಣ್ಣ. ಮೊದಲು ಅದನ್ನು ಸಂಜೀವನಿಗೆ ತೋರಿಸಿ ಬನ್ನಿ. ಹದಿನೈದು ದಿನ ಆಯ್ತು, ನೀವಿನ್ನೂ ಆಸ್ಪತ್ರೆ ಕಡೆ ಹೋಗಲಿಲ್ಲ.”