ಭೀಮಬಾಯಿ ಕುಳಿತ ಕಲ್ಲು

ಇವತ್ತು ಬೆಳಿಗ್ಗೆ ಪಡಸಾಲೆ ತೊಳೆಯುವಾಗ ಒದ್ದೆ ಶಹಾಬಾದ ಕಲ್ಲಿನ ವಾಸನೆ ಮೂಗಿಗೆ ಬಂತು. ಒಣಗಿದಾಗ ಬೂದಿಯಂತೆ ಮಂಕಾಗಿರುವ ಈ ಹಾಸುಗಲ್ಲು ನೀರು ಬಿದ್ದ ಕೂಡಲೇ ಬಣ್ಣ ತಿರುಗಿ, ಒಳಗಿನ ಗೆರೆಗಳನ್ನೆಲ್ಲ ತೋರಿಸಿಬಿಡುತ್ತದೆ. ಈ ಸೀಮೆಯಲ್ಲಿ ಹುಟ್ಟಿದ ನಾವೆಲ್ಲ ಇದರ ಮೇಲೆ ಅಂಬೆಗಾಲಿಟ್ಟವರು, ಇದರ ಮೇಲೆಯೇ ಜಾರಿ ಬಿದ್ದವರು. ಆದರೂ ಕಲ್ಲನ್ನು ನೋಡುವುದು ಹೇಗೆಂದು ನನಗೆ ಕಲಿಸಿದವರು ಭೀಮಬಾಯಿ. ಅದೂ ನಾನು ಮೂವತ್ತು ವರ್ಷ ಇತಿಹಾಸದ ಪಾಠ ಹೇಳಿ ನಿವೃತ್ತನಾದ ಮೇಲೆ.

ಚಿತ್ತಾಪುರದ ನಮ್ಮ ವಸ್ತುಸಂಗ್ರಹಾಲಯವನ್ನು ನೀವು ಹಿಂದೆ ನೋಡಿದ್ದರೆ ನಕ್ಕಿರುತ್ತಿದ್ದಿರಿ. ಎರಡು ಕೋಣೆ, ಒಂದು ವರಾಂಡ. ಸೇಡಂ, ಚಿಂಚೋಳಿ ಕಡೆಯ ಹಳ್ಳಿಗಳಿಂದ ಬಂದ ಮೂರ್ತಿಗಳು, ಶಾಸನಗಳು ತಡವಾದ ಬಸ್ಸಿಗೆ ಕಾಯುವ ಪ್ರಯಾಣಿಕರಂತೆ ಗೋಡೆಗೆ ಒರಗಿ ನಿಂತಿರುತ್ತಿದ್ದವು. ಜನ ಅದನ್ನು ‘ಕಲ್ಲಿನ ಆಫೀಸು’ ಎನ್ನುತ್ತಿದ್ದರು. ಕಡೆಗೂ ಒಂದು ದಿನ ಹಳೆಯ ಕೋಣೆಗಳ ರಿಪೇರಿಗೆ, ಪಕ್ಕದಲ್ಲಿ ಹೊಸ ಸಭಾಂಗಣ ಕಟ್ಟುವುದಕ್ಕೆ ಮಂಜೂರಾತಿ ಸಿಕ್ಕಿತು. ಯಾವುದನ್ನು ಒಳಗಿಡಬೇಕು, ಯಾವುದು ಬೇಡ ಎಂದು ಪಟ್ಟಿ ಮಾಡಿ, ಹೆಸರಿನ ಫಲಕ ಬರೆದುಕೊಡಲು ನನ್ನನ್ನು ಕರೆದರು. ನಾನು ಆ ಖುಷಿಗೆ ಹೊಸ ಪೆನ್ನೊಂದನ್ನು ಕೊಂಡೆ. ಮನೆಯಲ್ಲಿ ಎರಡು ದಿನ ಯಾರೊಂದಿಗೂ ಸರಿಯಾಗಿ ಮಾತಾಡಲಿಲ್ಲವಂತೆ. ಹಾಗೆಂದು ನನ್ನ ಹೆಂಡತಿ ಈಗಲೂ ಹೇಳುತ್ತಾಳೆ.

ಮೊದಲ ದಿನವೇ ಗರ್ವ ಇಳಿಯಿತು. ಯಾವ ಕಲ್ಲು ಯಾವ ಊರಿನದೆಂದು ಬರೆದಿದ್ದ ಹಳೆಯ ದಾಖಲೆ ಪುಸ್ತಕವನ್ನು ಗೆದ್ದಲು ತಿಂದಿತ್ತು. ಊರಿನ ಹೆಸರಿದ್ದ ಜಾಗದಲ್ಲಿ ಬರೀ ತೂತು. ಆಗ ಹಿಂದಿನಿಂದ, ಕಸಬರಿಗೆ ಹಿಡಿದಿದ್ದ ಭೀಮಬಾಯಿ ಎಂದರು: “ನನ್ನ ಕೇಳ್ರಿ ಮಾಸ್ತರ್ರ, ನಾ ಹೇಳ್ತೀನಿ.”

ಭೀಮಬಾಯಿ ಇಪ್ಪತ್ತೈದು ವರ್ಷಗಳಿಂದ ಅಲ್ಲಿ ಕಸ ಗುಡಿಸುವ, ಕಲ್ಲು ಒರೆಸುವ ದಿನಗೂಲಿ ನೌಕರರು. ಓದು ಬರಹ ಬಾರದು. ಆದರೆ ಒಂದೊಂದು ಕಲ್ಲು ಬಂದ ದಿನವೂ ಅವರ ಬದುಕಿನ ಜೊತೆ ಹೆಣೆದುಕೊಂಡಿತ್ತು. “ಈ ಗಣಪ ಬಂದಾಗ ನಮ್ಮ ದೊಡ್ಡಾಕಿ ಹೊಟ್ಯಾಗಿದ್ಳ್ರಿ. ಸೇಡಂ ಕಡಿಂದ ಟ್ರ್ಯಾಕ್ಟರ್‌ದಾಗ ತಂದ್ರು. ಆ ಶಾಸನ ಬಂದ ವರ್ಷ ಕಾಗಿಣಾ ಹೊಳಿ ಭಾಳ ಬಂದಿತ್ತು.” ನಾನು ಬರೆದುಕೊಂಡೆ. ಆದರೆ ಒಂದು ವಿಷಯಕ್ಕೆ ಮಾತ್ರ ಸುಮ್ಮನೆ ತಲೆಯಾಡಿಸಿದೆ. ಒಳಗಿದ್ದ ಅರ್ಧ ವೀರಗಲ್ಲು, ಹೊರಗೆ ಅಂಗಳದಲ್ಲಿ ಬಿದ್ದಿದ್ದ ಸವೆದ ತುಂಡು, ಎರಡೂ ಒಂದೇ ಕಲ್ಲು ಎಂದು ಅವರು ಹೇಳಿದ್ದರು. ಒಳಗಿದ್ದುದು ಎಷ್ಟೋ ವರ್ಷ ಗುಡಿಯೊಂದರಲ್ಲಿ ಎಣ್ಣೆ ಕುಡಿದು ಕಪ್ಪಾಗಿತ್ತು. ಹೊರಗಿನದು ಬೇರೆ ಊರಿನ ಬಾವಿಯ ಹತ್ತಿರ ಬಟ್ಟೆ ಒಗೆಯುವ ಕಲ್ಲಾಗಿ ಬೆಳ್ಳಗಾಗಿತ್ತು. ಪಾಪ, ಅಭಿಮಾನಕ್ಕೆ ಹೇಳುತ್ತಾರೆ ಎಂದುಕೊಂಡು ಹೊಸ ಪೆನ್ನಿನಿಂದ ‘ಗುರುತಿಸಲಾಗದ ತುಂಡು, ಬೇಡ’ ಎಂದು ಬರೆದು ಸಹಿ ಹಾಕಿದೆ.

ಒಂದು ವಾರದ ನಂತರ ಸಭಾಂಗಣ ಕಟ್ಟಿಸುತ್ತಿದ್ದ ಎಂಜಿನಿಯರ್ ಫೋನ್ ಮಾಡಿದರು. “ಸರ್, ಜಲ್ದಿ ಬರ್ರಿ. ಈ ಹೆಣ್ಮಗಳು ಕೆಲಸ ನಿಂದ್ರಿಸ್ಯಾಳ.”

ಹೋಗಿ ನೋಡಿದರೆ, ಬೇಡವೆಂದ ಕಲ್ಲುಗಳನ್ನು ಹೊಸ ಸಭಾಂಗಣದ ಬುನಾದಿಗೆ ತುಂಬುತ್ತಿದ್ದಾರೆ. ಆ ತುಂಡಿನ ಮೇಲೆ ಭೀಮಬಾಯಿ ಕುಳಿತುಬಿಟ್ಟಿದ್ದಾರೆ. ಸುತ್ತ ಹಾರೆ ಹಿಡಿದ ಆಳುಗಳು.

“ಏಳಲಿಲ್ಲಂದ್ರ ನಾಳಿಂದ ಬರಬ್ಯಾಡ ನೋಡು,” ಎಂದರು ಎಂಜಿನಿಯರ್.

“ಬರಂಗಿಲ್ರಿ. ಆದ್ರ ಇದನ್ನ ಮಣ್ಣಾಗ ಹಾಕ್ಲಿಕ್ಕ ಬಿಡಂಗಿಲ್ಲ.”

“ಮಾಸ್ತರ್ರು ಬ್ಯಾಡಂತ ಬರದಾರ.”

ಭೀಮಬಾಯಿ ನನ್ನ ಕಡೆ ತಿರುಗಿದರು. ಸಿಟ್ಟಿರಲಿಲ್ಲ, ಸಿಟ್ಟಿದ್ದರೆ ತಡೆದುಕೊಳ್ಳುತ್ತಿದ್ದೆ. “ಮಾಸ್ತರ್ರು ನೋಡಿ ಬರದಿಲ್ರಿ,” ಎಂದರು. “ನಾ ದಿನಾ ಒರಸ್ತೀನಿ. ಒಂದು ಕೊಡ ನೀರು ಹಾಕಿ ನೋಡ್ರಿ. ಕೂಡಲಿಲ್ಲಂದ್ರ ನಾನೇ ಹೊತ್ತು ಬುನಾದ್ಯಾಗ ಹಾಕ್ತೀನಿ.”

ನಾನೇ ನೀರು ತಂದು ಸುರಿದೆ. ಬೆಳ್ಳಗಿದ್ದ ಕಲ್ಲು ಕಪ್ಪಾಯಿತು, ಅದರಲ್ಲಿ ಓರೆಯಾಗಿ ಒಂದು ಬಿಳಿಯ ಗೆರೆ ಎದ್ದಿತು. ನೆಲಹಾಸು ಹಾಕಲು ಶಹಾಬಾದದಿಂದ ಬಂದಿದ್ದ ಮೌಲಾಸಾಬರು ಬಗ್ಗಿ ಉಗುರಿನಿಂದ ಆ ಗೆರೆಯನ್ನು ಸವರಿದರು. ಒಳಗೆ ಹೋಗಿ ಅರ್ಧ ವೀರಗಲ್ಲನ್ನು ಒದ್ದೆ ಬಟ್ಟೆಯಿಂದ ಒರೆಸಿ, ಅಲ್ಲೂ ಅದೇ ಗೆರೆ ಇರುವುದನ್ನು ನೋಡಿ ಬಂದರು. “ಈ ಬಾಯಿ ಖರೇನೇ ಹೇಳ್ಯಾರ್ರಿ ಸಾಬ್. ಒಂದೇ ಕಲ್ಲದ,” ಎಂದರು. ಎಂಟು ಜನ ಸೇರಿ, ಪೈಪುಗಳ ಮೇಲೆ ಉರುಳಿಸಿ ತಂದು ಜೋಡಿಸಿದರು. ಸೊಂಟದಿಂದ ಮೇಲಕ್ಕೆ ಮಾತ್ರ ಇದ್ದ ವೀರನಿಗೆ ಕಾಲು ಬಂದವು. ಕಾಲಿನ ಪಕ್ಕದಲ್ಲಿ, ಬಟ್ಟೆ ಒಗೆದು ಒಗೆದು ಸವೆದುಹೋಗಿದ್ದರೂ ಗುರುತು ಸಿಗುವಂಥ ಒಂದು ನಾಯಿ, ಕತ್ತೆತ್ತಿ ಅವನನ್ನೇ ನೋಡುತ್ತಿತ್ತು.

ಎಂಜಿನಿಯರ್ ಆಳುಗಳ ಕಡೆ ತಿರುಗಿ, “ಬುನಾದಿ ಕೆಲಸ ನಿಂದ್ರಸ್ರಿ. ಹಾಕಿದ್ದೂ ಹೊರಗ ತಗೀರಿ,” ಎಂದರು. ನಂತರ ಭೀಮಬಾಯಿಯ ಹತ್ತಿರ ಹೋಗಿ ಮೆಲ್ಲಗೆ, “ನಾಳಿ ಜಲ್ದಿ ಬರ್ರಿ ಅವ್ವಾ,” ಎಂದರು. ಅವರ ನಕ್ಷೆಯಲ್ಲಿ ಆಳೆತ್ತರದ ವೀರಗಲ್ಲಿಗೆ ಜಾಗವೇ ಇರಲಿಲ್ಲ. ಅದಕ್ಕಾಗಿ ಬಾಗಿಲಿನ ಎದುರಿನ ಗೋಡೆಯನ್ನು ನಕ್ಷೆಯಲ್ಲಿ ಹೊಸದಾಗಿ ಬರೆದರು.

ನಾನು ಪಟ್ಟಿಯನ್ನು ಹರಿದು, ಭೀಮಬಾಯಿಯ ಜೊತೆ ಮೊದಲಿನಿಂದ ಶುರುಮಾಡಿದೆ. ಕ್ಷಮೆ ಕೇಳಲು ಬಾಯಿ ತೆರೆದರೆ ಅವರು ನೀರಿನ ಕೊಡ ಕೈಗಿಟ್ಟರು. ವೀರಗಲ್ಲಿನ ಫಲಕಕ್ಕೆ ಏನು ಬರೆಯಲಿ ಎಂದು ಕೇಳಿದಾಗ, “ಎರಡೂ ಊರಿನ ಹೆಸರು ಬರೀರಿ. ಒಂದೇ ಬರದ್ರ ಇನ್ನೊಂದೂರಿನ ಮಂದಿ ಜಗಳಕ್ಕ ಬರ್ತಾರ. ಮತ್ತ ನಾಯಿನೂ ಬರೀರಿ,” ಎಂದರು. ಬರೆದೆ.

ಈಗ ಸಭಾಂಗಣ ತೆರೆದಿದೆ. ಬೆಳಕು ಚೆನ್ನಾಗಿದೆ, ಮೌಲಾಸಾಬರ ನೆಲ ಕನ್ನಡಿಯಂತಿದೆ. ಶಾಲೆಯ ಮಕ್ಕಳು ಬಂದರೆ ಕಲ್ಲುಗಳ ಕಥೆ ಹೇಳುವುದು ಭೀಮಬಾಯಿಯ ಕೆಲಸ. ನಾನು ಹಿಂದಿನ ಸಾಲಿನಲ್ಲಿ ನಿಂತು ಕೇಳುತ್ತೇನೆ.

ಇವತ್ತೂ ಹೋಗಿದ್ದೆ. ಆ ಬಾವಿಯ ಊರಿನಿಂದ ಮುದುಕಿಯೊಬ್ಬರು ಬಂದಿದ್ದರು. ವೀರಗಲ್ಲಿನ ಮುಂದೆ ಬಹಳ ಹೊತ್ತು ನಿಂತರು. “ಇದರ ಮ್ಯಾಲ ನನ್ನ ಮಕ್ಕಳ ಕುಂಚಿಗಿ ಒಗದೀನವ್ವ,” ಎನ್ನುತ್ತ ಕೈ ಚಾಚಿ ನಾಯಿಯ ಬೆನ್ನು ಸವರಿದರು. ಪಕ್ಕದಲ್ಲೇ ನನ್ನ ದುಂಡು ಅಕ್ಷರದ ಫಲಕವಿತ್ತು: ‘ದಯವಿಟ್ಟು ಮುಟ್ಟಬೇಡಿ.’ ಭೀಮಬಾಯಿ ನನ್ನ ಮುಖ ನೋಡಿದರು. ನಾನು ಎರಡು ಹೆಜ್ಜೆ ಸರಿದು, ಫಲಕಕ್ಕೆ ಬೆನ್ನು ಅಡ್ಡ ಕೊಟ್ಟು ನಿಂತೆ.