ಬಾಗಿಲಾಚೆ ಬಿಟ್ಟ ಬೂಟು

ತಾತನ ಬಲಗೈ ತೋರುಬೆರಳಿನ ಉಗುರಂಚು ಯಾವಾಗಲೂ ಕಪ್ಪಗಿರುತ್ತಿತ್ತು. ಎಷ್ಟು ಸೋಪು ಹಾಕಿ ಉಜ್ಜಿದರೂ ಹೋಗದ ಬೂಟ್ ಪಾಲಿಷಿನ ಕಪ್ಪು. ಅಮೆರಿಕದ ಮಿಲ್ಪಿಟಾಸಿನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಎಲ್ಲರೂ ಬಟ್ಟೆಯ ಶೂ ಹಾಕಿಕೊಂಡೇ ಆಫೀಸಿಗೆ ಹೋಗುವವರು. ಆದರೂ ಭಾನುವಾರ ಬೆಳಿಗ್ಗೆ ತಾತ ಬಾಲ್ಕನಿಯಲ್ಲಿ ಹಳೇ ಪೇಪರು ಹಾಸಿ ಕೂರುತ್ತಿದ್ದರು. ಪಾಲಿಷ್ ಹಿಡಿಯುವಂಥ ಶೂ ಒಂದೂ ಮನೆಯಲ್ಲಿ ಸಿಗದಿದ್ದರೆ, ನಿನ್ನೆ ತಾನೇ ಹೊಳಪೇರಿಸಿದ್ದ ತಮ್ಮ ಬೂಟನ್ನೇ ಮತ್ತೆ ಎತ್ತಿಕೊಳ್ಳುತ್ತಿದ್ದರು.

ನನಗೆ ಅವರು ರಕ್ತಸಂಬಂಧದ ತಾತನಲ್ಲ. ಕೆಳಮನೆಯವರು. ಹಾಸನದ ಕಡೆಯಿಂದ ಸೈನ್ಯ ಸೇರಿ, ಹವಾಲ್ದಾರರಾಗಿ ನಿವೃತ್ತರಾಗಿ, ಮಗಳ ಜೊತೆ ಇರಲು ಇಲ್ಲಿಗೆ ಬಂದಿದ್ದರು. ನಮ್ಮಪ್ಪ ಸಾಂಟಾ ಕ್ಲಾರಾದ ಇಂಡಿಯನ್ ಅಂಗಡಿಯೊಂದರಲ್ಲಿ ಅಕ್ಕಿ ಮೂಟೆ ಇಳಿಸುತ್ತಿದ್ದ, ಅಮ್ಮ ಡೇಕೇರಿನಲ್ಲಿ ಮಕ್ಕಳನ್ನು ನೋಡಿಕೊಳ್ಳುತ್ತಿದ್ದಳು. ಇಬ್ಬರೂ ಹತ್ತನೇ ಕ್ಲಾಸು ದಾಟಿದವರಲ್ಲ.

ಹೈಸ್ಕೂಲಿನ ಕೊನೆಯ ವರ್ಷ ನಾನು ದೇಶದ ಆ ತುದಿಯಲ್ಲಿರುವ ಮಿಲಿಟರಿ ಅಕಾಡೆಮಿಯೊಂದಕ್ಕೆ ಅರ್ಜಿ ಹಾಕಿದ್ದೆ. ಒಂದು ರಾತ್ರಿ ಬಂದು ವಿದ್ಯಾರ್ಥಿನಿಯೊಬ್ಬಳ ಕೋಣೆಯಲ್ಲೇ ತಂಗಿ, ಅವಳ ಜೊತೆ ಕ್ಲಾಸಿಗೆ ಹೋಗಿ, ಈ ಬದುಕು ಆಗಿಬರುತ್ತದೋ ನೋಡು ಎಂದು ಅಲ್ಲಿಂದ ಕಾಗದ ಬಂತು. ಅಪ್ಪ ಕಾಗದ ಮಡಿಸಿಟ್ಟು ಹೇಳಿದ: "ಹೋಗಿ ನೋಡ್ಕೊಂಡ್ ಬಾ. ಬಂದು ನನ್ನ ಮುಖ ನೋಡಿ 'ನನ್ ಕೈಲಾಯ್ತದೆ' ಅಂದ್ರೆ ಕಳಿಸ್ತೀನಿ. ಒಂಚೂರು ತಡವರಿಸಿದ್ಯೋ, ಮಿಲಿಟ್ರಿ ಮಾತು ಇಲ್ಲಿಗೇ ಮುಗೀತು."

ನಿಜ ಹೇಳಬೇಕೆಂದರೆ, ಕೈಲಾಗುತ್ತದೆಂಬ ನಂಬಿಕೆ ನನಗೇ ಇರಲಿಲ್ಲ.

ಸುದ್ದಿ ಕೆಳಮನೆಗೆ ಇಳಿಯಲು ಅರ್ಧ ಗಂಟೆ ಸಾಕಾಯಿತು. ಮರುದಿನ ಬೆಳಗಿನ ಜಾವ ಬಾಗಿಲು ಬಡಿಯಿತು. ಮಂಕಿ ಕ್ಯಾಪು, ಸ್ವೆಟರು, ಮಿರಮಿರ ಬೂಟು ಹಾಕಿಕೊಂಡು ತಾತ ನಿಂತಿದ್ದರು. "ಏಳು ಮಗಾ. ಮೂರು ವಾರ ಐತೆ."

ಆ ಮೂರು ವಾರ ನಾನು ಹಳ್ಳದ ಪಕ್ಕದ ದಾರಿಯಲ್ಲಿ ಓಡುತ್ತಿದ್ದೆ, ತಾತ ಹಿಂದೆ ಕೈಕಟ್ಟಿಕೊಂಡು ನಡೆಯುತ್ತ ಬೈಯುತ್ತಿದ್ದರು. ಸಂಜೆ ಹಾಸಿಗೆಯ ದುಪ್ಪಟಿ ಮಡಿಸುವ ಪಾಠ. ಆಮೇಲೆ ಊಟದ ಪಾಠ. ಮಿಲಿಟರಿ ಮೆಸ್ಸಿನಲ್ಲಿ ಉಣ್ಣಲು ನಿಮಿಷಗಳಷ್ಟೇ ಸಿಗುತ್ತವೆ ಎಂದು ಅಮ್ಮ ಹೆದರಿದರೆ ತಾತ ನಕ್ಕರು. "ಮುದ್ದೆ ನುಂಗೋ ಮಕ್ಕಳು ಕಣವ್ವಾ ನಾವು! ಅಗೀತಾ ಕೂರೋರ್ಗೆ ಕಷ್ಟ."

ಬೂಟಿನ ಪಾಠವೇ ಎಲ್ಲಕ್ಕಿಂತ ದೊಡ್ಡದು. ಕ್ಲಾಸಿಗೆ ಹಾಕಲೆಂದು ಕೊಂಡಿದ್ದ ಕರಿ ಬೂಟನ್ನು ಮುಂದಿಟ್ಟು, ಒದ್ದೆ ಹತ್ತಿಯಲ್ಲಿ ಚೂರೇ ಚೂರು ಪಾಲಿಷು, ಸಣ್ಣ ಸಣ್ಣ ಸುತ್ತು. ನಾನು ಹತ್ತು ನಿಮಿಷಕ್ಕೆ, "ತಾತಾ, ಡನ್," ಎನ್ನುತ್ತಿದ್ದೆ. ಅವರು ಬೆಳಕಿಗೆ ಹಿಡಿದು ನೋಡಿ ಹಿಂದಕ್ಕೆ ಕೊಡುತ್ತಿದ್ದರು. "ನಿನ್ನ ಅವಸರ ಬೂಟಿಗೆ ಗೊತ್ತಾಗೋಯ್ತು. ಮತ್ತೆ ಮಾಡು."

ಒಮ್ಮೆ, ಅಲ್ಲಿ ಯಾರಾದರೂ ಏನಾದರೂ ಕೇಳಿ ನನಗೆ ಉತ್ತರ ಹೊಳೆಯದಿದ್ದರೆ ಏನು ಮಾಡಲಿ ಎಂದು ಕೇಳಿದೆ. ಕೈಯ ಸುತ್ತು ನಿಲ್ಲಿಸದೆಯೇ ಹೇಳಿದರು: "ಗೊತ್ತಿಲ್ಲ ಅನ್ನು. ತಪ್ಪು ಮಾಡಿದ್ರೆ ಮಾಡ್ದೆ ಅನ್ನು. ಸುಳ್ಳು ಹೇಳೋ ಸಿಪಾಯಿ ಪಕ್ಕ ಯಾರೂ ನಿದ್ದೆ ಮಾಡಕ್ಕಿಲ್ಲ ಮಗಾ."

ಹೊರಡುವ ಹಿಂದಿನ ದಿನ ಬ್ಯಾಗಿನ ತಪಾಸಣೆ. ಅಮ್ಮ ತುಂಬಿದ್ದನ್ನೆಲ್ಲ ತಾತ ಕಾರ್ಪೆಟ್ಟಿನ ಮೇಲೆ ಸುರಿದರು. ಚಪಾತಿ, ಚಟ್ನಿಪುಡಿ, ಉಪ್ಪಿನಕಾಯಿ, ಎರಡು ಶಾಲು, ಕೋಡುಬಳೆ.

"ಏನವ್ವಾ, ಮಗಳನ್ನ ಅಕಾಡೆಮಿಗೆ ಕಳಿಸ್ತಿದ್ದೀಯೋ, ಬೀಗರೂಟಕ್ಕೋ?"

ಅಮ್ಮನ ಮುಖ ಸಪ್ಪಗಾಯಿತು. ತಾತ ಒಂದೊಂದನ್ನೇ ಪಕ್ಕಕ್ಕಿಟ್ಟು, ಕೋಡುಬಳೆ ಡಬ್ಬಿಯನ್ನು ಕೈಯಲ್ಲಿ ತೂಗಿ ನೋಡಿ, ಬ್ಯಾಗಿನೊಳಗೇ ಹಾಕಿದರು. "ಇದಿರ್ಲಿ. ಬ್ಯಾರಕ್ಕಲ್ಲಿ ಸ್ನೇಹಿತ್ರು ಬೇಕಾಯ್ತಾರೆ."

ಅಕಾಡೆಮಿಯಲ್ಲಿ ಮೊದಲ ದಿನ ಪಾಠಗಳೆಲ್ಲ ಕೈಹಿಡಿದವು. ಊಟ ಎಲ್ಲರಿಗಿಂತ ಮೊದಲು ಮುಗಿಸಿದೆ. ದುಪ್ಪಟಿಯ ಮೂಲೆ ನೋಡಿ ಕೋಣೆಯ ಹುಡುಗಿ ಹುಬ್ಬೇರಿಸಿದಳು. ಮರುದಿನ ಬೆಳಿಗ್ಗೆ ಕಾರಿಡಾರಿನಿಂದ ದೊಡ್ಡ ದನಿಯೊಂದು ಕೇಳಿಸಿತು: "ಈ ಬೂಟು ಯಾರದು?"

ಕೋಣೆಯ ಹುಡುಗಿ ನನ್ನ ಕಾಲು ನೋಡಿದಳು. ನಾನೂ ನೋಡಿಕೊಂಡೆ. ಬರೀ ಸಾಕ್ಸು. ನಮ್ಮ ಮನೆಯಲ್ಲಿ ಮಾಡುವಂತೆಯೇ ಕರಿ ಬೂಟನ್ನು ಬಾಗಿಲಾಚೆ, ಗೋಡೆಗೆ ಒತ್ತಿ ಜೋಡಿಸಿಟ್ಟು ಮಲಗಿಬಿಟ್ಟಿದ್ದೆ! ಅಷ್ಟುದ್ದದ ಖಾಲಿ ಕಾರಿಡಾರಿನಲ್ಲಿ ನನ್ನದೊಂದೇ ಜೊತೆ. ಸುಮ್ಮನಿದ್ದರೆ ಬೈಗುಳ ಕೋಣೆಯ ಹುಡುಗಿಗೇ ಹೋಗುತ್ತಿತ್ತು. ಸಾಕ್ಸಿನಲ್ಲೇ ಹೊರಗೆ ಬಂದೆ.

"ನನ್ನವು, ಸರ್. ನಮ್ಮ ಮನೆಗಳಲ್ಲಿ ಚಪ್ಪಲಿ ಒಳಗೆ ತರುವುದಿಲ್ಲ. ಅಭ್ಯಾಸಬಲ. ತಪ್ಪು ನನ್ನದೇ."

ಕೂಗಿದ್ದು ಒಬ್ಬ ಹಿರಿಯ ವಿದ್ಯಾರ್ಥಿ. ಅವನು ಕುಕ್ಕರಗಾಲಲ್ಲಿ ಕೂತು ಒಂದು ಬೂಟನ್ನೆತ್ತಿ ದೀಪಕ್ಕೆ ಹಿಡಿದ. ಥೇಟ್ ತಾತನ ಹಾಗೆ! "ಇದನ್ನು ಯಾರು ಕಲಿಸಿದರು?"

"ನಮ್ಮ ಕೆಳಮನೆ ತಾತ. ಇಂಡಿಯಾದ ಸೈನ್ಯದಲ್ಲಿ ಹವಾಲ್ದಾರರು."

ಅವನು ಎದ್ದು, ಮೊದಲ ವರ್ಷದವರನ್ನೆಲ್ಲ ಹೊರಗೆ ಕರೆದು, ನನ್ನ ಬೂಟಿನ ಮುಂದೆ ಸಾಲಾಗಿ ನಿಲ್ಲಿಸಿದ. "ಬೂಟೆಂದರೆ ಇದು. ನೋಡಿಕೊಳ್ಳಿ." ಅವರೆಲ್ಲ ನನ್ನನ್ನು ಕೊಲ್ಲುವಂತೆ ನೋಡಿದರು. ಕೋಡುಬಳೆ ಡಬ್ಬಿ ತೆಗೆದೆ. ತಿಂಡಿಯ ಹೊತ್ತಿಗೆ ಡಬ್ಬಿ ಖಾಲಿ, ಸಿಟ್ಟೂ ಖಾಲಿ.

ವಾಪಸ್ ಬಂದಾಗ ಏರ್‌ಪೋರ್ಟಿನಿಂದ ಅಪ್ಪನೇ ಮನೆಗೆ ಕರೆತಂದ. ಪಾರ್ಕಿಂಗಿನಲ್ಲಿ ಕಾರು ನಿಲ್ಲಿಸಿ ನನ್ನ ಕಡೆ ತಿರುಗಿದ. "ಹ್ಞೂಂ, ಹೇಳು."

"ನನ್ ಕೈಲಾಯ್ತದೆ ಅಪ್ಪ."

ತಡವರಿಸಲಿಲ್ಲ. ಅಪ್ಪ ಸ್ಟಿಯರಿಂಗಿಗೆ ಹಣೆ ಹಚ್ಚಿದ.

ತಾತನಿಗೆ ಮಾತ್ರ ಬೂಟಿನ ಕಥೆ ಕೇಳಿ ಎದೆ ಒಡೆದಂತಾಯಿತು. "ಬ್ಯಾರಕ್ಕಲ್ಲಿ ಬೂಟು ಹೊರಗ್ ಬಿಟ್ಯಾ? ಕದ್ಕೊಂಡೋಗಿದ್ರೆ?" ಎಂದು ಬೈದರು. ಬೈಯುತ್ತ ಬೈಯುತ್ತಲೇ ನಗು ಬಂತು, ನಗು ಹೆಚ್ಚಾಗಿ ಕೆಮ್ಮು ಬಂತು. "ಎಲ್ಲಾ ಹೇಳ್ಕೊಟ್ಟೆ, ಇದೊಂದ್ ಹೇಳ್ಕೊಡ್ಲಿಲ್ವಲ್ಲ ಮಗಾ!"

ಸೀಟು ಸಿಕ್ಕಿತು. ಅಕಾಡೆಮಿಯಲ್ಲಿ ನಾಲ್ಕು ವರ್ಷ ಹಣ್ಣಾದೆ. ಗಣಿತದಲ್ಲಿ ಒಮ್ಮೆ ನಪಾಸಾದೆ, ಕಾಲು ಮುರಿದುಕೊಂಡೆ, ಬಿಟ್ಟುಬರುತ್ತೇನೆಂದು ಅಮ್ಮನಿಗೆ ಫೋನಿನಲ್ಲಿ ಅತ್ತೆ. ಬಿಡಲಿಲ್ಲ. ನಮ್ಮ ವಂಶದಲ್ಲಿ ಡಿಗ್ರಿ ಪಡೆದ ಮೊದಲನೆಯವಳು ನಾನು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ.

ತಾತನಿಗೆ ಸಮಾರಂಭಕ್ಕೆ ಬರುವಷ್ಟು ಕಾಲಿನಲ್ಲಿ ಬಲ ಉಳಿದಿರಲಿಲ್ಲ. ಅದಕ್ಕೇ ಯೂನಿಫಾರ್ಮಿನಲ್ಲೇ ಅವರ ಮನೆಗೆ ಹೋದೆ. ಬಾಗಿಲಲ್ಲೇ ಕಾಲಿಗೆ ಬೀಳಲು ಬಗ್ಗುವುದರೊಳಗೆ ಅವರು ವಾಕರು ಪಕ್ಕಕ್ಕೆ ತಳ್ಳಿ, ನೆಟ್ಟಗೆ ನಿಂತು ಸಲ್ಯೂಟ್ ಹೊಡೆದರು. ಉಗುರಂಚಿನ ಕಪ್ಪು ಹುಬ್ಬಿನ ಹತ್ತಿರ ಕಂಡಿತು.

"ತಾತಾ, ನೀವು ನನಗೆ..."

"ಆಫೀಸರ್ರು ನೀನು. ಮೊದ್ಲು ಸಲ್ಯೂಟ್ ವಾಪಸ್ ಕೊಡು. ಕಾಲಿಗ್ ಬೀಳೋದು ಆಮೇಲೆ."

ಕೊಟ್ಟೆ. ಆಮೇಲೆ ಬಾಗಿಲಾಚೆ ಬೂಟು ಬಿಟ್ಟು, ಒಳಗೆ ಬಂದು, ಕಾಲಿಗೆ ಬಿದ್ದೆ.

ಅವರು ಹೋಗಿ ಈಗ ಎರಡು ವರ್ಷ. ನೆನೆದಾಗಲೆಲ್ಲ ಕಣ್ಮುಂದೆ ಬರುವುದು ಆ ಸಲ್ಯೂಟಲ್ಲ, ಅದರ ಮುಂದಿನ ಕಾಲು ಗಂಟೆ. ನಾನು ಕಾಫಿ ಕುಡಿದು ತಿರುಗಿದರೆ ತಾತ ಕುರ್ಚಿಯಲ್ಲಿರಲಿಲ್ಲ. ಬಾಲ್ಕನಿಯಲ್ಲಿ ಹಳೇ ಪೇಪರು ಹಾಸಿ, ನನ್ನ ಎಡಗಾಲಿನ ಬೂಟನ್ನು ಬೆಳಕಿಗೆ ಹಿಡಿದು ಕೂತಿದ್ದರು.

"ಬಲಗಾಲಿಂದು ಪರವಾಗಿಲ್ಲ ಮೇಡಮ್ಮೋರೆ. ಇದು ಅವಸರದ್ದು," ಎಂದು ಹತ್ತಿಯ ಉಂಡೆಯನ್ನು ನನ್ನ ಕೈಗಿಟ್ಟರು. "ಮತ್ತೆ ಮಾಡು."